ದೂರದ ತೆಕ್ಕೆ

ರೋಣದ ಬಸ್ ನಿಲ್ದಾಣದಲ್ಲಿ ನರಗುಂದದ ಬಸ್ಸಿಗೆ ಕಾಯುತ್ತ ಉಮಾಶ್ರೀ ಟೀಚರ್ ಮೊಬೈಲ್ ತಿಕ್ಕುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಮಾತಿಗೆ ಕೂತಿದ್ದರು. ಹಿರಿಯಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ಹೊಳೆಮಣ್ಣೂರಿನಲ್ಲಿ ತೀರಿಕೊಂಡ ಅಕ್ಕನ ಮಣ್ಣು ಮುಗಿಸಿ ಬಂದವಳೆಂದು ಮಾತಿನಲ್ಲೇ ತಿಳಿಯಿತು.

“ದುರ್ಗಾ ಬಂದಿದ್ಲೇನ ಹೊನ್ನಕ್ಕಾ, ಅವ್ವನ ಮಣ್ಣಿಗೆ?”

“ಹ್ಯಾಂಗ ಬರ್ತಾಳ ಗಾಳೆವ್ವಾ? ಗೋವಾದಾಗ ಹಡದು ಮಲಗ್ಯಾಳ, ಹಸಿ ಬಾಣಂತಿ. ವಿಡಿಯೋದಾಗ ಅವ್ವನ ಮಾರಿ ತೋರಿಸಿದ್ವಿ.”

“ಅತ್ಲೇನ?”

“ಹೆಣದ ಮುಂದ ಕುಂತವರಂಗ ಹಾಡ್ಯಾಡಿಕೊಂಡು ಅತ್ಲು. ನಾ ಫೋನ್ ಹಿಡ್ಕೊಂಡು ನಿಂತಿದ್ದೆ. ಅಕ್ಕನ ಮಗಳು ಅಳಾಕತ್ತಿದ್ರ ತೆಕ್ಕಿಬಿದ್ದು ಅಳಬೇಕಲ್ಲ? ಯಾರನ್ನ ತಬ್ಬಲಿ?”

“ಮತ್ತ?”

“ಫೋನನ್ನ ಎದಿಗೆ ಅವಚ್ಕೊಂಡು ಅತ್ತೆ.”

ಗಾಳೆವ್ವನಿಗೆ ನಗು ಬಂತು, ನುಂಗಿಕೊಂಡಳು. “ಆಕಿಗೆ ಬರೇ ಕತ್ತಲ ಕಂಡಿರತೈತಿ!”

“ಹೌದ. ‘ಅವ್ವನ ಮಾರಿ ಕಾಣವಲ್ದು ಚಿಗವ್ವಾ’ ಅಂತ ಚೀರಿದ್ಲು. ಲಗೂನ ತಗದು ಹೆಣದ ಕಡಿ ಹಿಡದೆ.”

“ಪಾಪ.”

“ಮಣ್ಣಾದ ಮ್ಯಾಲೆ ತಾನ ಮತ್ತ ಫೋನ್ ಹಚ್ಚಿದ್ಲು.”

“ಏನಂದ್ಲು?”

“‘ಇನ್ನ ನೋಡೂದೇನೂ ಉಳದಿಲ್ಲ ಚಿಗವ್ವಾ, ಆಗಿನಂಗ ಎದಿಗೆ ಅವಚಿ ಹಿಡಿ’ ಅಂದ್ಲು.”

ಗಾಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಜೇಂದ್ರಗಡದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಇಬ್ಬರೂ ಗಡಿಬಿಡಿಯಿಂದ ಎದ್ದರು. ಮೊಬೈಲ್ ಮೇಲೆ ಉಮಾಶ್ರೀಯ ಬೆರಳು ಯಾವಾಗಲೋ ನಿಂತುಹೋಗಿತ್ತು. ಹೊನ್ನಕ್ಕ ಫೋನನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಅದರ ಮೇಲೊಂದು ಕೈ ಇಟ್ಟುಕೊಂಡೇ ಬಸ್ಸು ಹತ್ತಿದಳು.