ಸಂತ್ರಸ್ತೆ ಮಾತನಾಡಿಬಿಟ್ಟ ಬಗ್ಗೆ

ಹೆಸರು ಕಾಶವ್ವ, ತಂದೆ ದಿವಂಗತ ರಾಮಾ ಸಿದ್ದಿ, ವಯಸ್ಸು 32, ಖಾಸಗಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ವಾಸ ಯಲಹಂಕ ಉಪನಗರದ ಮಹಿಳಾ ಹಾಸ್ಟೆಲ್, ಸ್ವಂತ ಊರು ಹಳಿಯಾಳ ತಾಲ್ಲೂಕು. ನನ್ನನ್ನು ಠಾಣೆಗೆ ಕರೆಸಿ ಕೇಳಿದ ಮೇರೆಗೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಸಿದ್ದಿ ಜನಾಂಗದವಳು. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ಕೆಲವು ಶತಮಾನಗಳಾಗಿವೆ. ವಾಪಸ್ ಹೋಗುವ ವಿಚಾರ ಸದ್ಯಕ್ಕಿಲ್ಲ. ಎರಡು ವರ್ಷದಿಂದ ‘ಬಣ್ಣಭೇದ ವಿರೋಧಿ ವೇದಿಕೆ’ಯ ಸದಸ್ಯೆಯಾಗಿದ್ದು, ಪ್ರತಿಭಟನೆಗಳಲ್ಲಿ ಘೋಷಣೆ ಕೂಗುವ ಜವಾಬ್ದಾರಿ ನನ್ನದು.

ದಿನಾಂಕ 9-7-2017ರಂದು ಯಲಹಂಕದ ಪಕ್ಕದ ಕೋಗಿಲಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮಾಲೀಕರಾದ ಅಶ್ವತ್ಥಪ್ಪನವರು ನನ್ನ ಮುಖ ನೋಡಿ, ಮನೆ ಖಾಲಿ ಇಲ್ಲಮ್ಮ ಎಂದರು. ಅವರ ತಲೆಯ ಮೇಲೆಯೇ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡ್ ತೂಗುತ್ತಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಘಟನೆ ಇಷ್ಟೇ.

ಇದನ್ನು ಖಂಡಿಸಿ ವೇದಿಕೆಯವರು 16-7-2017ರ ಭಾನುವಾರ ಬೆಳಿಗ್ಗೆ 11 ಗಂಟೆಗೆ ಉಪನಗರದ ರಸ್ತೆ ಬದಿಯಲ್ಲಿ ಬಹಿರಂಗ ಸಭೆ ಕರೆದರು. ಸಭಾಮಂಚದ ಮೇಲೆ ಪ್ರತಿ ಕುರ್ಚಿಯ ಮುಂದೆ ಹೆಸರಿನ ಫಲಕವಿತ್ತು. ನನ್ನ ಮುಂದಿನ ಫಲಕದಲ್ಲಿ ‘ಸಂತ್ರಸ್ತೆ’ ಎಂದಿತ್ತು. ಹಿಂದಿನ ದಿನದವರೆಗೂ ಕಾಶವ್ವ ಆಗಿದ್ದವಳು ರಾತ್ರೋರಾತ್ರಿ ಬಡ್ತಿ ಪಡೆದಿದ್ದೆ.

ನಾನು ಮಾತನಾಡುವುದು ಎಷ್ಟನೆಯವಳಾಗಿ ಎಂದು ಕಾರ್ಯದರ್ಶಿ ಸರಳಾ ಅವರನ್ನು ಕೇಳಿದೆ. “ಅಯ್ಯೋ ಕಾಶವ್ವ, ಇವತ್ತು ನೀವೇನೂ ಮಾಡ್ಬೇಡಿ, ಸುಮ್ನೆ ಕೂತಿರಿ. ನೀವು ಕೂತ್ರೇನೇ ಮೆಸೇಜ್ ಹೋಗುತ್ತೆ. ನಿಮ್ಮ ನೋವನ್ನ ಶಿವರಾಮ್ ಸರ್ ಹೇಳ್ತಾರೆ, ಅವ್ರು ಅದ್ರಲ್ಲೇ ಪಿಎಚ್‌ಡಿ ಮಾಡಿರೋದು” ಎಂದರು. ನನ್ನ ನೋವಿಗೆ ಡಾಕ್ಟರು ಸಿಕ್ಕಿದ್ದಕ್ಕೆ ನಾನು ಕುಳಿತುಕೊಂಡೆ.

ಡಾ. ಶಿವರಾಮ್ ಅವರು, ಇವರು ಕಾಡಿನ ಮುಗ್ಧ ಮಕ್ಕಳೆಂದೂ ನೃತ್ಯ ಇವರ ರಕ್ತದಲ್ಲೇ ಇದೆಯೆಂದೂ ತಿಳಿಸಿದರು. ಈ ಬಗ್ಗೆ, ಶಾಲಾ ವಾರ್ಷಿಕೋತ್ಸವದಲ್ಲಿ ನನ್ನ ನೃತ್ಯ ನೋಡಿದ ಮುಖ್ಯೋಪಾಧ್ಯಾಯಿನಿಯವರನ್ನು ವಿಚಾರಿಸಿದರೆ ಸತ್ಯಾಂಶ ಹೊರಬೀಳುತ್ತದೆ. ನಂತರ ಅವರು, ಈ ಹೆಣ್ಣುಮಗಳು ಕೋಗಿಲಿನ ಬೀದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು ಎಂದು ಹೇಳಿ ತಾವೇ ಕಣ್ಣೊರೆಸಿಕೊಂಡರು.

ಆಗ ನಾನು ಎದ್ದು ಅವರ ಕೈಯಿಂದ ಮೈಕ್ ತೆಗೆದುಕೊಂಡೆ. ಕಿತ್ತುಕೊಂಡೆ ಎಂದು ದೂರಿನಲ್ಲಿ ಬರೆದಿದ್ದಾರೆ. ಅವರು ಬಿಗಿಯಾಗಿ ಹಿಡಿದಿದ್ದುದರಿಂದ ಎರಡಕ್ಕೂ ವ್ಯತ್ಯಾಸ ಉಳಿಯಲಿಲ್ಲ.

“ನಾ ಅತ್ತಿಲ್ರಿ. ಬೋರ್ಡ್ ಓದಿ ಹೇಳೀನಿ. ಬಾಗಿಲಾ ಹಾಕ್ಕೊಂಡಾವ್ರು ಅವ್ರು, ನಾಚಿಕಿ ಅವ್ರಿಗ್ ಆಗಬೇಕು, ನಾ ಯಾಕ್ರಿ ಅಳಲಿ” ಎಂದೆ. ಕೆಳಗೆ ನಿಂತಿದ್ದ ಹುಡುಗನೊಬ್ಬ ಪಕ್ಕದವನಿಗೆ, “ಮಗಾ, ಕನ್ನಡ ಮಾತಾಡ್ತಾರೆ ಕಣೋ, ಮನೆ ಕೊಡ್ಬೋದಿತ್ತು” ಎಂದ. ಕನ್ನಡ ಬಾರದಿದ್ರ ಕೊಡಬಾರದೇನಪಾ ಎಂದು ಅವನನ್ನೂ ಕೇಳಿದೆ. ಅಷ್ಟರಲ್ಲಿ ಸರಳಾ ಅವರು ಸನ್ನೆ ಮಾಡಿ ಮೈಕ್ ಆಫ್ ಮಾಡಿಸಿದರು.

ಮುನ್ನೂರು ಮಕ್ಕಳಿಗೆ ಬರಿಗಂಟಲಲ್ಲಿ ಕವಾಯತು ಮಾಡಿಸುವವಳ ಮೈಕ್ ಆಫ್ ಮಾಡುವುದರಿಂದ ಏನು ಪ್ರಯೋಜನವೆಂದು ಅವರು ಯೋಚಿಸಿದಂತಿಲ್ಲ. ನಾನು ಇನ್ನೂ ಹತ್ತು ನಿಮಿಷ ಮಾತನಾಡಿದೆ. ರಸ್ತೆಯ ಆಚೆ ಸೀಬೆಹಣ್ಣು ಮಾರುತ್ತಿದ್ದ ರೆಹಾನಾ ಅವರು ಕೈಯೆತ್ತಿ, “ಎಲ್ಲಾ ಕೇಳುಸ್ತೈತೆ, ನೀವ್ ಹೇಳಕ್ಕಾ” ಎಂದಿದ್ದು, ಅವರನ್ನು ಸಾಕ್ಷಿಯಾಗಿ ಹೆಸರಿಸುತ್ತೇನೆ.

ಬಣ್ಣಭೇದ ವಿರೋಧಿ ಸಭೆಗೆ ಅಡ್ಡಿಪಡಿಸಿದೆನೆಂದು ಸರಳಾ ಅವರು ಸಂಜೆ ದೂರು ಕೊಟ್ಟರು. ಇಂದು ಬೆಳಿಗ್ಗೆ ತಾವೇ ಠಾಣೆಗೆ ಬಂದು, “ನಮ್ಮನಮ್ಮಲ್ಲೇ ಇದೆಲ್ಲ ಯಾಕೆ ಕಾಶವ್ವ? ‘ತುಂಬಾ ಎಮೋಷನಲ್ ಆಗಿದ್ದೆ, ಅಳ್ತಿದ್ದೆ, ಏನ್ ಮಾಡ್ದೆ ಅಂತ ಗೊತ್ತಾಗ್ಲಿಲ್ಲ’ ಅಂತ ನೀವು ಒಂದ್ ಲೈನ್ ಬರ್ಕೊಡಿ. ಕಂಪ್ಲೇಂಟ್ ವಾಪಸ್ ತಗೋತೀವಿ” ಎಂದರು. ಮುಖ್ಯಪೇದೆ ಚಿಕ್ಕಬೈರಪ್ಪನವರು ಸಹ, “ಬರ್ದುಕೊಟ್ಬುಡಮ್ಮ. ಕೇಸು ಅಂದ್ರೆ ಸ್ಕೂಲ್ನೋರು ಸುಮ್ನಿರ್ತಾರಾ, ಇಂಗೆ ಅಟ ಮಾಡ್ಬೇಡ” ಎಂದು ಒಳ್ಳೆಯ ಮಾತಿನಲ್ಲೇ ತಿಳಿಸಿದರು. ಶಾಲೆಯವರು ಸುಮ್ಮನಿರದಿರಬಹುದು. ಅದು ನನಗೂ ಗೊತ್ತು, ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಆದರೂ ಆ ಒಂದು ಸಾಲನ್ನು ನಾನು ಬರೆದುಕೊಟ್ಟಿಲ್ಲ.

ಮೈಕ್ ತೆಗೆದುಕೊಂಡವಳು ನಾನೇ. ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ಒಣಗಿದ ಕಣ್ಣುಗಳಿಂದ ತೆಗೆದುಕೊಂಡೆ. ಈ ಹೇಳಿಕೆಯನ್ನೂ ಹಾಗೆಯೇ ಕೊಟ್ಟಿದ್ದೇನೆ. ಓದಿ ಹೇಳಿದ್ದನ್ನು ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ಯಲಹಂಕ
ದಿನಾಂಕ: 17-7-2017

ಸಹಿ: ಕಾಶವ್ವ ರಾಮಾ ಸಿದ್ದಿ
ಸದಸ್ಯೆ, ಬಣ್ಣಭೇದ ವಿರೋಧಿ ವೇದಿಕೆ
(ರಾಜೀನಾಮೆ ಕೊಟ್ಟಿಲ್ಲ, ಕೊಡುವುದೂ ಇಲ್ಲ)