ಟಗರಿನ ಜೊತೆ ತಕ್ಕಡಿ ಹತ್ತಿದ ಗೌಡ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹೂಂಗುಟ್ಟೋರಿಗೆ ಕಥೆ, ತೂಕಡಿಸೋರಿಗೆ ಚಾಪೆ.

ಒಂದಾನೊಂದು ಊರು. ಹೆಸರು ಕೇಳಬೇಡಿ, ಹೇಳಿದರೆ ಅವರು ಜಗಳಕ್ಕೆ ಬರ್ತಾರೆ. ಅಲ್ಲಿ ತಮ್ಮೇಗೌಡ, ಅವನ ಹೆಂಡತಿ ಸಾಕವ್ವ. ಗೌಡನಿಗೆ ಜ್ವರ ಬಂತು. ಎಂಥ ಜ್ವರ? ಹಾಸಿಗೆ ಹಿಡಿಸೋ ಜ್ವರ. ಸಂಕಟ ಬಂದಾಗ ವೆಂಕಟರಮಣ ಅಲ್ವೆ? "ಅಮ್ಮಾ ತಾಯಿ, ಉಳಿಸು! ನನ್ನ ತೂಕದ ಬೆಲ್ಲ ಊರಿಗೆ ಹಂಚ್ತೀನಿ" ಅಂತ ಊರದೇವತೆಗೆ ಹರಕೆ ಹೊತ್ತ. ತಾಯಿ ಉಳಿಸಿದಳು. ಎದ್ದು ಕೂತ ಮೇಲೆ ಗೌಡನಿಗೆ ಬೆಲ್ಲ ಕೊಡೋಕೆ ಮನಸ್ಸೇ ಬರಲಿಲ್ಲ. ಹರಕೆ ತಪ್ಪಿದರೆ ಜ್ವರ ಮತ್ತೆ ಬಂದೀತು ಅಂತ ಸಾಕವ್ವ ಅವನನ್ನ ಊರೆದುರಿಗೇ ಗುಡಿ ತಕ್ಕಡಿಗೆ ಎಳಕೊಂಡು ಬಂದಳು.

ಆ ಊರಿನ ಕಟ್ಟಳೆ ಕೇಳಿ. ಉಸಿರಾಡೋದು ಯಾವುದೂ ತಕ್ಕಡೀಲಿ ಒಂಟಿಯಾಗಿ ಕೂರಬಾರದು, ದೃಷ್ಟಿ ತಾಗುತ್ತೆ. ಜೋಡಿ ಬೇಕು. ಗೌಡ ಏನು ಮಾಡಿದ? ಟಗರನ್ನು ತಬ್ಬಿಕೊಂಡು ಕೂತ! ಬಿಂದಿಗೆ ಗಾತ್ರದ ಬೆಲ್ಲದ ಮುದ್ದೆಗಳು, ಅದೇ ಪೆಂಟೆ, ಒಂಬತ್ತು ಇಟ್ಟ ಮೇಲೆ ತಕ್ಕಡಿ ಸಮ ನಿಂತಿತು.

"ಟಗರೇ ಆರು ಪೆಂಟೆ ಇದೆ ಕಣೆ. ನಂದು ಬರೀ ಮೂರು!"

"ಮೂರಾ? ನಿಮ್ಮ ಹೊಟ್ಟೆ ಒಂದೇ ಮೂರಾಗುತ್ತೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಗೌಡ ಹೊಟ್ಟೆ ಒಳಗೆಳಕೊಂಡ.

ಸಾಕವ್ವ ಗಂಡನ್ನ ಇಳಿಸಿದಳು. ಟಗರಿನ ಪಕ್ಕ ತಾನು ಕೂತಳು. ಆರು ಪೆಂಟೆಗೆ ಸಮ.

"ಟಗರು ಆಗಲೂ ಇತ್ತು, ಈಗಲೂ ಇದೆ. ಎರಡೂ ಸಲದ ತೂಕದಿಂದ ಅದನ್ನ ಓಡಿಸಿ. ಒಂಬತ್ತು ಯಾಕೆ ಆರಾಯ್ತು? ನೀವು ನನಗಿಂತ ಮೂರು ಪೆಂಟೆ ಹೆಚ್ಚು, ಅದಕ್ಕೆ."

ಆಮೇಲೆ ಟಗರನ್ನ ಇಳಿಸಿ ಗಂಡನ್ನ ಹತ್ತಿಸಿಕೊಂಡಳು. ಹನ್ನೊಂದು!

"ನಿಮ್ಮ ಹೆಚ್ಚಿನ ಮೂರು ಪಕ್ಕಕ್ಕಿಡಿ. ಉಳೀತು ಎಂಟು. ಇಬ್ಬರಿಗೂ ಸಮ ಪಾಲು. ನಾನು ನಾಲ್ಕು. ನೀವು ನಾಲ್ಕರ ಮೇಲೆ ಮೂರು, ಏಳು. ಟಗರು ಪಾಪ, ಎರಡೇ ಎರಡು!"

ಊರಿಗೆ ಊರೇ ಗೊಳ್ಳೆಂದು ನಕ್ಕಿತು. ಟಗರೂ ಮ್ಯಾ ಅಂತು.

ಗೌಡ ತಲೆ ಕೆರೆದುಕೊಂಡ. "ಜ್ವರದಲ್ಲಿ ಕಡ್ಡಿಯಾಗಿದ್ದೆ, ಆಗಲೇ ತೂಗಿಸಬೇಕಿತ್ತು. ಅಲ್ಲಾ ಕಣೆ, ನೀನು ನಾಲ್ಕೇನಾ? ಮೊದಲು ಗುಂಡುಗುಂಡಾಗಿದ್ದೆಯಲ್ಲೇ?"

"ನೀವು ಹಂಗೆ ಮಲಗಿದ್ರೆ ನನಗೆ ಅನ್ನ ಸೇರ್ತಿತ್ತಾ?" ಅಂದಳು ಸಾಕವ್ವ.

ಗೌಡನ ಕಣ್ಣು ತುಂಬಿ ಬಂತು. ಏಳು ಪೆಂಟೆ ಎಣಿಸೋಕೆ ಬಂದ ಪೂಜಾರಿಯ ಕೈ ಹಿಡಿದ. "ಎಣಿಸಬೇಡಿ ಪೂಜಾರಪ್ಪ. ಹನ್ನೊಂದನ್ನೂ ಹಂಚಿಬಿಡಿ. ಆ ಜ್ವರದಲ್ಲಿ ಉಳಿದಿದ್ದು ನಾನೊಬ್ಬನೇ ಅಲ್ಲ."

ಸಾಕವ್ವ ಸೆರಗಲ್ಲಿ ಮೂಗೊರೆಸಿಕೊಂಡಳು. "ಇದನ್ನ ಮೊದಲೇ ಹೇಳೋಕೇನಾಗಿತ್ತು? ನಮ್ಮಿಬ್ಬರನ್ನ ಬೇರೆ ಬೇರೆ ಮಾಡೋಕೆ ಇಷ್ಟು ಹೆಣಗಿದ್ದೆಲ್ಲ ದಂಡ!"

ಅವರ ಬೆಲ್ಲ ಊರಿಗಾಯ್ತು, ನನ್ನ ಕಥೆ ನಿಮಗಾಯ್ತು. ಟಗರಿಗೆ? ಅದು ಆಗಲೇ ಒಂದು ಪೆಂಟೆ ನೆಕ್ಕಿ ಮುಗಿಸಿತ್ತು ಬಿಡಿ.