ಯಜಮಾನಿ ಎಂಬ ಹೆಣ್ಣು ಕುದುರೆಯ ಗುರುತಿನ ಬಗ್ಗೆ

ನನ್ನ ಹೆಸರು ಮೊದಲ ಹಾಳೆಯಲ್ಲಿದೆ. ವಯಸ್ಸು ನಲವತ್ತನಾಲ್ಕು, ಕಸುಬು ಕುದುರೆ ಸಾಕಣೆ, ವಾಸ ಊರಾಚೆಯ ನೀರಿನ ಟ್ಯಾಂಕಿನ ಪಕ್ಕ, ಲಾಯಕ್ಕೆ ಅಂಟಿಕೊಂಡ ಮನೆ. ಇಂದು ಮಧ್ಯಾಹ್ನ ನಾನಾಗಿಯೇ ಠಾಣೆಗೆ ಬಂದು ತಮ್ಮ ಗಮನಕ್ಕೆ ತರುತ್ತಿರುವ ಸಂಗತಿ ಹೀಗಿದೆ.

ನಮ್ಮಲ್ಲಿ ವಾರ್ಮ್‌ಬ್ಲಡ್ ತಳಿಯ ಕುದುರೆಗಳಿವೆ. ಸವಾರಿಗೆ ಮತ್ತು ಬೇಲಿ ಹಾರುವ ಸ್ಪರ್ಧೆಗೆಂದು ಬೆಳೆಸುವ ಎತ್ತರದ ತಳಿ ಅದು. ಅವುಗಳಲ್ಲಿ ಹದಿಮೂರು ವರ್ಷದ ಕಂದು ಹೆಣ್ಣು ಕುದುರೆಯೊಂದನ್ನು ಮರಿಗಾಗಿಯೇ ಇಟ್ಟುಕೊಂಡಿದ್ದೇವೆ. ದಾಖಲೆಯಲ್ಲಿರುವ ಅದರ ಉದ್ದ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ, ಯಜಮಾನಿ ಎನ್ನುತ್ತೇವೆ. ಹಣೆಯಲ್ಲಿ ಬಿಳಿ ಚುಕ್ಕೆ, ಎಡ ತೊಡೆಯಲ್ಲಿ ತಳಿ ಸಂಘದ ಮುದ್ರೆ, ಕುತ್ತಿಗೆಯ ಚರ್ಮದಡಿ ಗುರುತಿನ ಚಿಪ್ ಇವೆ.

ಅದರ ಅಜ್ಜಿಯನ್ನು ನನ್ನ ಅಪ್ಪ ಹಡಗಿನಲ್ಲಿ ತರಿಸಿದ್ದರು. ತಾಯಿ ನಮ್ಮ ಲಾಯದಲ್ಲೇ ಹುಟ್ಟಿದ್ದು. ತಂದೆ ಬೇಲಿ ಹಾರುವುದರಲ್ಲಿ ಎರಡು ಸಲ ರಾಷ್ಟ್ರಮಟ್ಟದಲ್ಲಿ ಗೆದ್ದ ಕುದುರೆ. ಯಜಮಾನಿ ಮೂರನೆಯ ವಯಸ್ಸಿಗೆ ತಳಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆಯಿತು. ಮುಂದಿನ ಎರಡು ವರ್ಷವೂ ಪ್ರದರ್ಶನದ ಚಾಂಪಿಯನ್ ಅದೇ. ಆಮೇಲೊಮ್ಮೆ ತನ್ನ ಎರಡು ಹೆಣ್ಣುಮರಿಗಳನ್ನು ಜೊತೆಗಿಟ್ಟುಕೊಂಡು ಅಂಗಳಕ್ಕಿಳಿದು ತಾಯಿ-ಮಕ್ಕಳ ವಿಭಾಗದಲ್ಲೂ ಗೆದ್ದಿತು. ಹೇಳಿಕೆ ಬರೆದುಕೊಳ್ಳುತ್ತಿರುವ ಸಿಬ್ಬಂದಿ, ತಮಗೆ ತಮ್ಮ ಮುತ್ತಾತನ ಹೆಸರೇ ಗೊತ್ತಿಲ್ಲ, ಇದಕ್ಕೆ ಅಜ್ಜಿ ಸಮೇತ ಲೆಕ್ಕವಿದೆಯಲ್ಲ ಮೇಡಂ ಎಂದರು. ಚಿಕ್ಕದಾಗಿ ಬರೆದರೂ ಸರಿ, ಬಿಡಬೇಡಿ ಎಂದು ಕೇಳಿಕೊಂಡಿದ್ದೇನೆ. ಜಗಳ ಹುಟ್ಟಿರುವುದೇ ಈ ವಂಶದಿಂದ.

ಆ ದಿನಗಳಲ್ಲಿ ಯಜಮಾನಿಯನ್ನು ಅಂಗಳದಲ್ಲಿ ಹಿಡಿದು ನಡೆಸುತ್ತಿದ್ದವರು ನನ್ನ ಅಕ್ಕನ ಗಂಡ. ಎರಡು ವರ್ಷದ ಹಿಂದೆ ಅಪ್ಪ ಕುದುರೆಯನ್ನು ನನ್ನ ಹೆಸರಿಗೆ ಮಾಡಿದರು. ಗೆಲ್ಲಿಸಿದವನು ನಾನು, ಒಡತಿ ಮಾತ್ರ ಇವಳೇ ಎಂದು ಭಾವ ಅಂದೇ ಲಾಯ ಬಿಟ್ಟು ಹೋಗಿ ಸ್ವಂತ ಸವಾರಿ ಶಾಲೆ ತೆರೆದರು. ಲಾಯದ ಒಂದು ಕೀ ಅವರಲ್ಲೇ ಉಳಿದಿತ್ತು. ಕೇಳಲು ಅಪ್ಪನಿಗೂ ನನಗೂ ಮುಜುಗರ.

ಯಜಮಾನಿ ಈಗ ತುಂಬು ಗಬ್ಬ. ವಯಸ್ಸಾದ ಕುದುರೆಗಳಲ್ಲಿ ಗರ್ಭಕ್ಕೆ ಸೋಂಕು ತಗುಲದಿರಲೆಂದು ಹೆರುವ ದಾರಿಯ ಮೇಲಿನ ಅರ್ಧವನ್ನು ಹೊಲಿಯುತ್ತಾರೆ. ನಮ್ಮ ಪಶುವೈದ್ಯರು ಈ ಸಲ ಮೊದಲ ಬಾರಿಗೆ ಹಾಗೆ ಮಾಡಿದ್ದರು. ದಾರ ಬಿದ್ದುಹೋಗಿ ಚರ್ಮ ಕೂಡಿಕೊಂಡಿದೆ, ಗೊತ್ತಿಲ್ಲದವರ ಕಣ್ಣಿಗೆ ಕಾಣುವುದಿಲ್ಲ. ಮರಿ ಬರುವ ಮೊದಲು ಅದನ್ನು ಕತ್ತರಿಸಿ ಬಿಡಿಸಲೇಬೇಕು. ಇಲ್ಲದಿದ್ದರೆ ತಾಯಿಯ ಮೈ ಹರಿಯುತ್ತದೆ, ಮರಿ ಒಳಗೇ ಉಸಿರುಗಟ್ಟಬಹುದು. ಇದನ್ನೆಲ್ಲ ಬರೆಯಲೇಬೇಕೇ ಎಂದು ಸಿಬ್ಬಂದಿ ತಲೆ ತಗ್ಗಿಸಿ ಕೇಳಿದರು. ಬರೆಯಲೇಬೇಕು.

ಕಳೆದ ಗುರುವಾರ ಮುಂಜಾನೆ ಅಪ್ಪ ಮೇವು ಹಾಕಲು ಹೋದಾಗ ಯಜಮಾನಿ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಹೊಲಿಗೆ ಬಿಡಿಸಲು ವೈದ್ಯರು ಬರಬೇಕಿದ್ದದ್ದು ಶುಕ್ರವಾರ. ಗುರುವಾರವೇ ತಮ್ಮ ಠಾಣೆಗೆ ದೂರು ಕೊಟ್ಟಿದ್ದೇನೆ. ಭಾವನ ಹೆಸರು ಮಾತ್ರ ಹೇಳಲಿಲ್ಲ, ಅಕ್ಕನ ಮುಖ ನೆನಪಾಯಿತು.

ಇಂದು ಬೆಳಿಗ್ಗೆ ಲಾಳ ಹೊಡೆಯುವವರು ಬಂದಿದ್ದಾಗ, ಸವಾರಿ ಶಾಲೆಯ ಹಿಂದಿನ ಶೆಡ್ಡಿನಲ್ಲಿ ದೊಡ್ಡ ಹೊಟ್ಟೆಯ ಕುದುರೆಯೊಂದು ಬಂದಿದೆ ಎಂದು ಮಾತಿಗೆ ಹೇಳಿದರು. ಹತ್ತು ಗಂಟೆಗೆ ನಾನು ಪಶುವೈದ್ಯರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಕ್ಕ ಜಗಲಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಭಾವ ಶೆಡ್ಡಿನ ಬಾಗಿಲಲ್ಲೇ ನಿಂತು, "ಏನಮ್ಮಾ ಕಾನ್ವೆಂಟು, ಡಾಕ್ಟರನ್ನೂ ಕರ್ಕೊಂಡು ಬಂದಿದೀಯ, ಯಾರಿಗೆ ಹುಷಾರಿಲ್ಲ?" ಎಂದರು. ನಾನು ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಅವರಿಟ್ಟ ಅಡ್ಡಹೆಸರು ಅದು. ಯಜಮಾನಿಯನ್ನು ನೋಡಬೇಕು ಎಂದೆ. ಇಲ್ಲಿ ಯಾವ ಯಜಮಾನಿಯೂ ಇಲ್ಲ, ಇರುವವಳು ಒಬ್ಬಳೇ, ಅಲ್ಲಿ ಬಟ್ಟೆ ಮಡಿಸ್ತಿದಾಳೆ ಎಂದು ನಕ್ಕರು. ನಂತರ ತಾವೇ ಕುದುರೆಯನ್ನು ಹೊರಗೆ ತಂದರು.

ಹಣೆಯಲ್ಲಿ ಚುಕ್ಕೆ ಇರಲಿಲ್ಲ, ಕಂದು ಬಣ್ಣ ಹಚ್ಚಿದ್ದರೋ ಏನೋ. ಮುದ್ರೆ ಇರಬೇಕಾದ ಕಡೆ ಕೂದಲು ಕತ್ತರಿಸಿ ಮುಲಾಮು ಬಳಿದಿದ್ದರು. ನಾನು ನೋಡಬೇಕೆಂದುಕೊಂಡದ್ದನ್ನೇ ನೋಡುತ್ತಿದ್ದೇನೋ ಎಂದು ನನಗೇ ಅನುಮಾನ ಬಂತು. ಭಾವ ಹಗ್ಗ ಹಿಡಿದು ಕುದುರೆಗೆ ಎದುರಾಗಿ ನಿಂತು, "ಗಾಡಿ ಎಳೀತಿದ್ದ ಕುದುರೆ ಕಣಮ್ಮ ಇದು. ಪ್ರದರ್ಶನದ ಅಂಗಳ ಯಾವ ದಿಕ್ಕಿಗಿದೆ ಅಂತಾನೂ ಇದಕ್ಕೆ ಗೊತ್ತಿಲ್ಲ" ಎನ್ನುತ್ತ ಒಂದು ಹೆಜ್ಜೆ ಹಿಂದೆ ಸರಿದು, ಬಲಗೈ ಎತ್ತಿ ಗೇಟಿನ ಕಡೆ ತೋರಿಸಿದರು.

ಕುದುರೆ ಎಡ ಮುಂಗಾಲನ್ನು ಮುಂದಿಟ್ಟಿತು. ಹಿಂಗಾಲೊಂದನ್ನು ಹಿಂದೆ ಸರಿಸಿ, ನಾಲ್ಕೂ ಕಾಲು ಕಾಣುವಂತೆ ನಿಂತು, ಆ ಭಾರದ ಹೊಟ್ಟೆಯಲ್ಲೇ ಕತ್ತು ನೀಡಿ ಕಿವಿ ನಿಮಿರಿಸಿತು. ತೀರ್ಪುಗಾರರ ಮುಂದೆ ನಿಲ್ಲುವ ರೀತಿ ಅದು. ಹಿಂದೆ ಸರಿದು ಕೈ ಎತ್ತಿದರೆ ಹಾಗೆ ನಿಲ್ಲಬೇಕೆಂದು ಕಲಿಸಿದವರು ಭಾವನೇ. ಅವರ ಕೈ ಅಲ್ಲೇ ಉಳಿಯಿತು. ಕೈ ಇಳಿಯುವವರೆಗೂ ಅದು ಅಲುಗಲಿಲ್ಲ. ಅಕ್ಕ ಮಡಿಸಿದ ಬಟ್ಟೆಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಯಜಮಾನಿ ನನ್ನದು ಎಂದು ನಾನು ಹೇಳಿಬಿಟ್ಟೆ. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದ್ದನ್ನು ವೈದ್ಯರು ತೋರಿಸಿದ್ದು ಆಮೇಲೆ. ಒಂದೆರಡು ದಿನದಲ್ಲಿ, ಪ್ರಾಯಶಃ ಇಂದೇ, ಮರಿ ಹಾಕುತ್ತದೆ ಎಂದರ್ಥ. ಹೊಲಿಗೆಯ ವಿಷಯ ಹೇಳಿದಾಗ ಭಾವ ನಂಬಲಿಲ್ಲ. ಇದು ಚಿಪ್ ನೋಡಲು ಹತ್ತಿರ ಬರುವ ಉಪಾಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ ಎಂದು ಕುದುರೆಯನ್ನು ಒಳಗೆ ಕಟ್ಟಿ ಶೆಡ್ಡಿಗೆ ಬೀಗ ಹಾಕಿದರು. ಮೊದಲು ಹೊಲಿಗೆಯ ಮಾತಾಡಿ ಒಡೆತನದ ಮಾತನ್ನು ನುಂಗಿಕೊಂಡಿದ್ದರೆ ಅವರು ಬಿಡುತ್ತಿದ್ದರೇನೋ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ.

ಆದ್ದರಿಂದ ಕುದುರೆಯನ್ನು ಮರಳಿ ಕೊಡಿಸಿ ಎಂಬ ನನ್ನ ಬೇಡಿಕೆಯನ್ನು ಬದಲಿಸುತ್ತಿದ್ದೇನೆ. ವೈದ್ಯರು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಾರೆ. ಚಿಪ್ ಓದುವ ಯಂತ್ರವನ್ನು ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ, ಅದು ಇಲ್ಲೇ ಇರಲಿ. ಇಂದಿನ ಮಟ್ಟಿಗೆ ಕುದುರೆ ಭಾವನದೇ ಎಂದು ಅವರೆದುರು ಹೇಳಲೂ ನಾನು ಸಿದ್ಧ. ಮೊದಲು ಹೊಲಿಗೆ ಬಿಡಿಸಿ. ಯಾರದ್ದೆಂದು ಆಮೇಲೆ ನೋಡಿ.

ಇಷ್ಟು ಬರೆಸುವಾಗ ಅಕ್ಕನ ಫೋನ್ ಬಂತು. ಹಿಂದೆ ಹಲಗೆಗೆ ಗೊರಸು ಬಡಿಯುವ ಸದ್ದು ಕೇಳುತ್ತಿತ್ತು. ಕಡೆಗೆ, "ಶೆಡ್ಡಿನ ಕೀ ನನ್ನ ಹತ್ರ ಇದೆ, ಬೇಗ ಬಾರೇ" ಎಂದು ಇಟ್ಟುಬಿಟ್ಟಳು.

ಮೇಲೆ ಹೇಳಿದ್ದರಲ್ಲಿ ಗುರುತಿನ ವಿಷಯದಲ್ಲಿ ನಾನು ತಪ್ಪಿದ್ದರೆ ಹೊಣೆ ನನ್ನದು. ಹೊಲಿಗೆಯ ವಿಷಯದಲ್ಲಿ ತಪ್ಪಿಲ್ಲ. ಪೂರ್ತಿ ಓದಿ ಹೇಳುವುದು ನಿಯಮವೆಂದು ತಿಳಿಸಿದರು. ಜೀಪು ಶುರುವಾಗಿರುವುದರಿಂದ ಓದಿಸಿಕೊಳ್ಳದೆಯೇ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳ ಹದಿನಾಲ್ಕು, ಮಂಗಳವಾರ
ಸಹಿ